ಹಗ್ಗದ ಮೇಲಿನ ಅಪ್ಪಟ ಹತ್ತಿ

ಹಾಸಿಗೆಗೆ ಬೆನ್ನು ತಾಗಿಸಿದ ಮರುಗಳಿಗೆಯೇ ನಾರ್ಬರ್ಟ್ ಕ್ರುಪಿನ್ಸ್ಕಿಗೆ ತುರಿಕೆ ಶುರುವಾಗುತ್ತಿತ್ತು. ಅದಕ್ಕೆ ಕಾರಣ ನೇರಳೆ ಹೂವಿನ ಪಾಲಿಯೆಸ್ಟರ್ ಬೆಡ್‌ಶೀಟು. ಮದುವೆಯಾದ ಹೊಸತರಲ್ಲಿ ಹೆಂಡತಿ ವೆರ್ನಾ ರಿಯಾಯಿತಿ ಮಾರಾಟಕ್ಕೆ ನುಗ್ಗಿ ಗೆದ್ದು ತಂದದ್ದು. ಅದು ಹರಿಯುವುದಿಲ್ಲ, ಮಾಸುವುದಿಲ್ಲ, ಸುಕ್ಕುಗಟ್ಟುವುದಿಲ್ಲ. ವೆರ್ನಾಳ ಲೆಕ್ಕದಲ್ಲಿ ಈ ಮೂರೂ ವಿಷಯದಲ್ಲಿ ಅದು ಗಂಡನಿಗಿಂತ ಮೇಲು. ಆದರೆ ಬೆವರನ್ನು ಹನಿಯಷ್ಟೂ ಹೀರುತ್ತಿರಲಿಲ್ಲ. ಚಳಿಗಾಲದಲ್ಲಿ ಮಗ್ಗುಲು ಬದಲಿಸಿದರೆ ಚಟಪಟ ಕಿಡಿಯನ್ನೂ ಹಾರಿಸುತ್ತಿತ್ತು.

"ಅಪ್ಪಟ ಹತ್ತೀದು ಒಂದು ತರೋಣ ಕಣೇ. ಮೈಯೆಲ್ಲಾ ಉರಿಯುತ್ತೆ," ಎಂದು ಅವನು ಎಷ್ಟು ಸಲ ಗೋಗರೆದಿದ್ದನೋ.

"ತುರಿಕೆ ಇರೋದು ನಿಮ್ಮ ತಲೇಲಿ ರೀ, ಬೆಡ್‌ಶೀಟಲ್ಲಲ್ಲ. ಹತ್ತಿ ತಂದ್ರೆ ಇಸ್ತ್ರಿ ಹಾಕೋರು ಯಾರು, ನಿಮ್ಮಪ್ಪಾನಾ?"

ಆ ಶನಿವಾರ ಬೆಳಿಗ್ಗೆ ವೆರ್ನಾ ನದಿಯಾಚೆಯ ಊರಲ್ಲಿರುವ ತಂಗಿ ಬರ್ನೀಸ್‌ಳ ಮನೆಗೆ ಹೊರಟಳು. ಕಾರು ತಿರುವು ದಾಟುವುದೇ ತಡ, ನಾರ್ಬರ್ಟ್ ಅಂಗಡಿಗೆ ಓಡಿದ. ಹಾಸಿಬಿಟ್ಟ ಮೇಲೆ ಅವಳೇ ಒಮ್ಮೆ ಮಲಗಿ ನೋಡಲಿ, ಬಾಯಿ ತಾನಾಗಿ ಮುಚ್ಚುತ್ತದೆ ಎಂಬುದು ಅವನ ಧೈರ್ಯ.

ಅಂಗಡಿಯಲ್ಲಿ ಒಂದರ ಮೇಲೆ ಚದರ ಇಂಚಿಗೆ ಸಾವಿರ ಎಳೆ ಎಂದು ಬರೆದಿತ್ತು, ಇನ್ನೊಂದರ ಮೇಲೆ ಇನ್ನೂರು ಎಳೆ. ಅವನು ಸಾವಿರದ ಕಡೆಗೇ ಕೈ ಚಾಚಿದ.

"ಎಳೆ ನೋಡಿ ಮರುಳಾಗ್ಬೇಡಿ ಸಾರ್," ಎಂದಳು ಅಂಗಡಿಯ ಹೆಂಗಸು. "ಮುಷ್ಟೀಲಿ ಹಿಂಡಿ ನೋಡಿ. ಸುಕ್ಕು ಬಿತ್ತು ಅಂದ್ರೆ ಹತ್ತಿ. ನುಣುಚಿಕೊಳ್ತು ಅಂದ್ರೆ ಮೋಸ."

ನಾರ್ಬರ್ಟ್ ಒಂದು ಕಡೆಯಿಂದ ಹಿಂಡತೊಡಗಿದ. ಹತ್ತಾರು ಬೆಡ್‌ಶೀಟು ಮುದ್ದೆಯಾದ ಮೇಲೆ ಅವಳೇ ಬೆದರಿ, ಇನ್ನೂರು ಎಳೆಯ ಬಿಳಿಯದೊಂದನ್ನು ಅವನ ಕೈಗೆ ತುರುಕಿದಳು. "ಇದೇ ಅಪ್ಪಟ. ಒಂದ್ಸಲ ಒಗೆದು ಬಿಸಿಲಲ್ಲಿ ಒಣಗಿಸಿ, ಬೆಣ್ಣೆ ಆಗುತ್ತೆ. ಇನ್ನು ಹೊರಡಿ, ನಿಮ್ಮ ದಮ್ಮಯ್ಯ."

ಮನೆಗೆ ಬಂದು ಒಗೆದ. ಹಿತ್ತಲಿನ ಮೇಪಲ್ ಮರದಿಂದ ಗ್ಯಾರೇಜಿಗೆ ಹಗ್ಗ ಕಟ್ಟಿ ಹರವಿದ. ನೇರಳೆ ಹೂವಿನದನ್ನು ಪೆಟ್ಟಿಗೆಗೆ ತುಂಬಿ ಹಿತ್ತಲ ಮೆಟ್ಟಿಲ ಮೇಲಿಟ್ಟು, ಪಕ್ಕದ ಮನೆಯ ಹ್ಯಾಟಿಗೆ ಫೋನು ಮಾಡಿದ. ಅವಳ ಲೂಥರನ್ ಚರ್ಚಿನಲ್ಲಿ ಅವತ್ತು ದಾನ ಬಂದ ಹಳೇ ಸಾಮಾನಿನ ಮಾರಾಟ. ಆ ಚರ್ಚೂ ನದಿಯಾಚೆಯೇ, ಆದರೆ ಕ್ಯಾಥೊಲಿಕ್ ವೆರ್ನಾ ಬೇರೆ ಪಂಗಡದ ಲೂಥರನ್ನರ ಅಂಗಳಕ್ಕೆ ಕಾಲಿಡುವವಳಲ್ಲ, ಅವಳ ಕಣ್ಣಿಗೆ ಏನೂ ಬೀಳುವುದಿಲ್ಲ ಎಂದುಕೊಂಡ. ಆಮೇಲೆ ಟಬ್ಬಿಗೆ ಓಟ್ಸ್ ಸುರಿದುಕೊಂಡು, ತುರಿಕೆಗೆ ಕೊನೆಯ ಸ್ನಾನವೆಂದು ಗಂಜಿಯೊಳಗೆ ಒರಗಿದ.

ಕಿಟಕಿಯಾಚೆಯಿಂದ ಹ್ಯಾಟಿಯ ಕೂಗು ಬಂತು. "ನಾರ್ಬರ್ಟ್! ಬೆಡ್‌ಶೀಟ್ ತಗೊಂಡೋಗ್ಲಾ?"

"ತಗೊಂಡೋಗಿ ಹ್ಯಾಟಿ!"

"ಎಲ್ಲಾನೂನಾ?"

"ಎಲ್ಲಾ! ಒಂದನ್ನೂ ಬಿಡ್ಬೇಡಿ!"

"ದೇವರು ನಿಮಗೆ ಒಳ್ಳೇದು ಮಾಡ್ಲಿ!"

ಸಾಕಷ್ಟು ನೆನೆದು, ಮೈಗೆ ಟವೆಲ್ ನಿಲುವಂಗಿ ಸುತ್ತಿಕೊಂಡು ಹಿತ್ತಲಿಗೆ ಬಂದರೆ ಹಗ್ಗ ಬರಿದು. ಬಟ್ಟೆಪಿನ್ನುಗಳಷ್ಟೇ ಸಾಲಾಗಿ ಕೂತಿದ್ದವು. ಹಳೇ ಸಾಮಾನಿನ ಮಾರಾಟದ ದಿನ ಆ ಊರುಗಳಲ್ಲಿ ಹೊರಗೆ ಕಂಡದ್ದೆಲ್ಲಾ ಮಾರುವ ಮಾಲೇ ಎಂಬುದು ಅವನಿಗೆ ಆಗ ನೆನಪಾಯಿತು. ನಿಲುವಂಗಿಯಲ್ಲೇ ಕಾರು ಹತ್ತಿದ.

ಚರ್ಚಿನ ಅಂಗಳದಲ್ಲಿ ಜನವೋ ಜನ. ಹ್ಯಾಟಿ ಸಾಮಾನು ಇಳಿಸಿ ಒಳಗೆ ಕಾಫಿ ಕಾಯಿಸಲು ಹೋಗಿದ್ದಳು. ಬಟ್ಟೆಯ ಮೇಜಿನಲ್ಲಿ ಉಳಿದಿದ್ದದ್ದು ಒಂಟಿ ಕಾಲುಚೀಲಗಳು ಮಾತ್ರ. ನಾರ್ಬರ್ಟ್ ಹುಚ್ಚನಂತೆ ಸುತ್ತ ನೋಡಿದ. ಅಗೋ! ಎದುರಿನ ಮೇಜಿನ ಮೇಲೆ ಬೆಳ್ಳಗೆ, ಅಲ್ಲಲ್ಲಿ ಸುಕ್ಕುಬಿದ್ದು, ಜೋತಾಡುತ್ತಿತ್ತು ಅಪ್ಪಟ ಹತ್ತಿ.

"ನಂದು!" ಎಂದು ಅರಚಿ ತುದಿ ಹಿಡಿದು ಸೆಳೆದ.

ಬಟ್ಟೆ ಬಂತು. ಅದರ ಮೇಲೆ ಜೋಡಿಸಿಟ್ಟಿದ್ದ, ಸೇಬಿನ ಹೂರಣದ ಪೈಗಳೂ ಬಂದವು. ಕೆಲವು ಹುಲ್ಲಿಗೆ ಬಿದ್ದವು, ಕೆಲವು ನಿಲುವಂಗಿಗೆ, ಒಂದು ನೇರ ಚರ್ಚಿನ ಪಾಸ್ಟರ್ ಲುಂಡ್‌ಗ್ರೆನ್ನರ ಬೂಟಿಗೆ.

ಗದ್ದಲಕ್ಕೆ ಒಳಗಿಂದ ಓಡಿಬಂದ ಹ್ಯಾಟಿ ಬಾಯಿ ಬಡಿದುಕೊಂಡಳು. "ಅಯ್ಯೋ ನಾರ್ಬರ್ಟ್! ಅದು ಚರ್ಚಿನ ಮೇಜಿನ ಬಟ್ಟೆ ಕಣ್ರೀ! ನೀವು ಕೊಟ್ಟಿದ್ದು ಎರಡೂ ಆಗ್ಲೇ ಹೋದ್ವಂತೆ. ಯಾರೋ ಇಬ್ಬರು ಹೆಂಗಸರು ಕಿತ್ತಾಡ್ಕೊಂಡು ತಗೊಂಡೋದ್ರಂತೆ."

ಪಾಸ್ಟರ್ ಬೂಟು ಒರೆಸಿಕೊಳ್ಳುತ್ತಾ ಸಮಾಧಾನದಿಂದ ಕೇಳಿದರು, "ನೀವು ಕ್ಯಾಥೊಲಿಕ್ಕರಲ್ವೇ?"

"ಹೌದು ಪಾಸ್ಟರ್."

"ಹಾಗೇ ಅನ್ನಿಸ್ತು."

ಪೈಗಳ ಬೆಲೆ ತೆರಬೇಕಾಯಿತು. ಬೆಲೆ ತೆತ್ತ ಮೇಲೆ ಮಾಲು ನಿಮ್ಮದೇ ಎಂದು ಪಾಸ್ಟರ್ ಪುಡಿಪುಡಿಯಾದ ಪೈಗಳನ್ನೆಲ್ಲಾ ಕಾರಿಗೆ ತುಂಬಿಸಿ ಕಳಿಸಿದರು. ನಾರ್ಬರ್ಟ್ ಮನೆಗೆ ಬಂದು ಬರೀ ಹಾಸಿಗೆಯ ಅಂಚಿನಲ್ಲಿ ಕೂತ. ಹತ್ತಿಯೂ ಇಲ್ಲ, ಹಳೆಯದೂ ಇಲ್ಲ. ನಿಜಕ್ಕೂ ಅಳು ಬಂತು. ಆದರೂ ಒಂದು ನೆಮ್ಮದಿಯಿತ್ತು. ಆ ನೇರಳೆ ಪೀಡೆಯಂತೂ ತೊಲಗಿತಲ್ಲ. ಇನ್ನು ವೆರ್ನಾ ಹೊಸದನ್ನು ಕೊಳ್ಳಲೇಬೇಕು, ಆಗ ಹತ್ತಿಯದಕ್ಕೇ ಹಟ ಹಿಡಿದರಾಯಿತು.

ಸಂಜೆ ವೆರ್ನಾ ಮುಖ ಅರಳಿಸಿಕೊಂಡು ಬಂದಳು.

"ರೀ, ಕಣ್ಮುಚ್ಕೊಳ್ಳಿ! ಬರ್ನೀಸ್ ಲೂಥರನ್ನರ ಮಾರಾಟಕ್ಕೆ ಎಳ್ಕೊಂಡೋಗಿದ್ಲು. ಏನ್ ಸಿಕ್ತು ನೋಡಿ!"

ಚೀಲದಿಂದ ನೇರಳೆ ಹೂಗಳು ಇಣುಕಿದವು.

"ನಮ್ಮದರ ಅವಳಿ ಜವಳಿ ಕಣ್ರೀ! ಈಗ ಇದು ಯಾವ ಅಂಗಡೀಲೂ ಸಿಗಲ್ಲ. ಮೂಲೇಲಿ ಕಾಫಿ ಕಲೆ ಕೂಡ ನಮ್ಮದರ ಹಾಗೇ ಇದೆ, ಎಂಥಾ ಆಶ್ಚರ್ಯ! ಇನ್ನು ಸಾಯೋವರೆಗೂ ಚಿಂತೆ ಇಲ್ಲ, ಒಂದು ಒಗೆಯೋಕೆ, ಒಂದು ಹಾಸೋಕೆ. ಅಲ್ಲಾ, ನಮ್ಮ ಹಳೇದೆಲ್ಲಿ?"

"ಒಗೆಯೋಕೆ ಹಾಕಿದೀನಿ," ಎಂದ ನಾರ್ಬರ್ಟ್, ಸತ್ತ ದನಿಯಲ್ಲಿ. ಅವಳ ಚೀಲದೊಳಗೆ ಇಣುಕಿ ಕೇಳಿದ, "ಬರ್ನೀಸ್‌ಗೆ ಏನೂ ಸಿಗಲಿಲ್ವಾ?"

"ಸಿಗದೆ ಏನು! ಬೆಳ್ಳಗೆ, ಅಪ್ಪಟ ಹತ್ತೀದು. ಇನ್ನೂ ಬಿಸಿಲ ವಾಸನೆ ಬರ್ತಿತ್ತು. ಇನ್ನೊಬ್ಬಳ ಕೈಯಿಂದ ಕಿತ್ಕೊಂಡ್ಲು."

"ಪುಣ್ಯವಂತೆ. ಸುಖವಾಗಿ ಮಲಗ್ತಾಳೆ."

"ಅವಳಿಗಲ್ಲ ರೀ, ನಾಯಿಗೆ. ಪಾಪ, ಬಿಸ್ಮಾರ್ಕ್‌ಗೆ ಮೈಯೆಲ್ಲಾ ತುರಿಕೆ. ಹತ್ತಿ ಬಿಟ್ಟು ಬೇರೆ ಯಾವುದರ ಮೇಲೂ ಮಲಗಿಸ್ಬಾರ್ದು ಅಂದಿದಾರಂತೆ ಡಾಕ್ಟ್ರು." ವೆರ್ನಾ ನೇರಳೆ ಹೂಗಳನ್ನು ಕೊಡವಿ ಹಾಸುತ್ತಾ, ಕಣ್ಣು ಒದ್ದೆಮಾಡಿಕೊಂಡು ನಿಟ್ಟುಸಿರಿಟ್ಟಳು. "ಕರುಳು ಚುರುಕ್ ಅಂತು ಕಣ್ರೀ. ಮೂಕಪ್ರಾಣಿ, ಬಾಯಿಬಿಟ್ಟು ಹೇಳ್ಕೊಳ್ಳೋಕೂ ಬರಲ್ಲ ಅದಕ್ಕೆ."

ನಾರ್ಬರ್ಟ್ ಬಾಯಿ ತೆರೆದ. ಮತ್ತೆ ಮುಚ್ಚಿದ. ಆಮೇಲೆ ಗೋಡೆಯ ಮೂಲೆಗೆ ಬೆನ್ನು ಕೊಟ್ಟು ಉಜ್ಜಿಕೊಳ್ಳತೊಡಗಿದ.