ಕಬ್ಬಿನ ಪಾಳಿಯಲ್ಲಿ ಸ್ಪೋರ್ಟ್ಸ್ ಕಾರು

ನನ್ನ ಯೋಜನೆಯಲ್ಲಿ ಒಂದೇ ಒಂದು ಲೋಪವೂ ಇರಲಿಲ್ಲ ಎಂಬುದನ್ನು ಮೊದಲೇ ದಾಖಲಿಸುತ್ತೇನೆ. ಕಾರನ್ನು ಮಾರಾಟಕ್ಕಿಡುವುದು, ಮಾರದೇ ಇರುವುದು. ಅಷ್ಟೇ!

ಕಾರಿನ ಬಗ್ಗೆ ಖಚಿತವಾಗಿ ಗೊತ್ತಿರುವುದಿಷ್ಟು. ಕೊಲ್ಲಾಪುರದ ಫೌಂಡ್ರಿ ಮಾಲೀಕರೊಬ್ಬರು ದೇಶಕ್ಕೆ ಸ್ಪೋರ್ಟ್ಸ್ ಕಾರು ಕೊಡುವ ಹುಮ್ಮಸ್ಸಿನಲ್ಲಿ ಮಾದರಿಗೆಂದು ಮೂರು ಕಾರು ಮಾಡಿದ್ದರು. ಒಂದು ಗುಜರಿಗೆ ಹೋಯಿತು. ಒಂದು ಬಾವಿಗೆ ಹೋಯಿತು. ಉಳಿದ ಒಂದರ ಬಗ್ಗೆ ಪತ್ರಿಕೆಗೆ ವರದಿ ಮಾಡಲು ಹೋದ ನಾನು, ವರದಿಯ ಜೊತೆ ಕಾರನ್ನೂ ಚಿಕ್ಕೋಡಿಗೆ ತಂದೆ. ಕೆಂಪು ಬಣ್ಣ, ಎರಡೇ ಸೀಟು, ಎತ್ತರ ನನ್ನ ಸೊಂಟದಷ್ಟು. ರಿವರ್ಸ್ ಗೇರ್ ಇಲ್ಲ. ಅದನ್ನು ನಾಲ್ಕನೆಯ ಕಾರಿಗೆ ಹಾಕುವುದೆಂದು ತೀರ್ಮಾನವಾಗಿತ್ತಂತೆ. ನಾಲ್ಕನೆಯ ಕಾರು ಹುಟ್ಟಲೇ ಇಲ್ಲ.

ನಿವೃತ್ತಿಯಾದ ಮೇಲೆ ನನ್ನ ಫೋನು ಸುಮ್ಮನಾಯಿತು. ಮೂವತ್ತು ವರ್ಷ ಊಟಕ್ಕೆ ಕೂರಲು ಬಿಡದೆ ರಿಂಗಣಿಸಿದ ಫೋನು. ಮದುವೆಯಾಗಲು ಪುರುಸೊತ್ತು ಕೊಡದ ಫೋನು! ಈಗ ಅದರಲ್ಲಿ ಕೇಳಿಸುವ ಒಂದೇ ಹೆಣ್ಣುದನಿ, ರೀಚಾರ್ಜ್ ಮುಗಿಯಿತು ಎನ್ನುತ್ತದೆ. ಒಂದು ದಿನ ತಡೆಯಲಾರದೆ, ‘ಅಪರೂಪದ ಸ್ಪೋರ್ಟ್ಸ್ ಕಾರು, ಉಳಿದಿರುವುದು ಇದೊಂದೇ, ಮಾರಾಟಕ್ಕಿದೆ’ ಎಂದು ಜಾಹೀರಾತು ಕೊಟ್ಟೆ. ಸಂಜೆಯೊಳಗೆ ಹನ್ನೊಂದು ಕರೆ! ಅಥಣಿಯಿಂದ, ರಾಯಬಾಗದಿಂದ, ಮಿರಜದಿಂದ. ನಾನು ಎಂಜಿನ್ನಿನ ಕಥೆ ಹೇಳಿದೆ. ಕಾಗವಾಡದ ದ್ರಾಕ್ಷಿ ಬೆಳೆಗಾರರೊಬ್ಬರು ಮಗಳ ಮದುವೆಯ ಕಥೆ ಹೇಳಿದರು. ಎಲ್ಲ ಮಾತೂ ಮುಗಿದ ಮೇಲೆ ರಿವರ್ಸ್ ಗೇರಿನ ಸಂಗತಿ ತಿಳಿಸುತ್ತಿದ್ದೆ. ಅವರು ನಕ್ಕು ಫೋನು ಇಡುತ್ತಿದ್ದರು. ಮುಂದೆ ವಾರಕ್ಕೊಂದು ಜಾಹೀರಾತು, ವಾರವಿಡೀ ಮಾತು.

“ಕಾಕಾ, ಕಾರ್ ಹೋತೇನ್ರಿ?” ಎಂದು ಪಕ್ಕದ ಮನೆಯ ಗಂಗವ್ವ ಗೋಡೆಯಾಚೆಯಿಂದ ಕೇಳುತ್ತಿದ್ದಳು.

“ಇಲ್ಲವಾ, ಮಾತುಕತಿ ನಡದೈತಿ.”

“ಮೂರ್ ತಿಂಗಳಾತು ನಡದು! ಇಷ್ಟ್ ಮಾತುಕತಿ ಮೊದಲ ಆಡಿದ್ರ ನಿಮಗೊಂದ್ ಹೆಣ್ಣರ ಸಿಗತಿತ್ತು!”

ಆಗ ಬಂತು ಪುಣೆಯಿಂದ ಕರೆ. ಹಳೆಯ ಕಾರುಗಳನ್ನು ಸಂಗ್ರಹಿಸುವ ಸಾಹೇಬರು. ರಿವರ್ಸ್ ಇಲ್ಲ ಎಂದರೂ ಅವರು ನಗಲಿಲ್ಲ. ನಾಳೆ ಹನ್ನೊಂದಕ್ಕೆ ನಿಪ್ಪಾಣಿಯ ಹೆದ್ದಾರಿಗೆ ತನ್ನಿ, ಲಾರಿ ತರುತ್ತೇನೆ ಎಂದರು. ಕಾರು ಹೋದರೆ ಕರೆಗಳೂ ಹೋದವು! ಆದರೆ ಅಚ್ಚಾದ ಮಾತಿಗೆ ತಪ್ಪುವಂತಿಲ್ಲ. ಇರಲಿ, ಕಣ್ಣಾರೆ ನೋಡಿದರೆ ಅವರೇ ಬೇಡವೆನ್ನುತ್ತಾರೆ ಎಂಬ ಧೈರ್ಯದಿಂದ ಬೆಳಿಗ್ಗೆ ಹೊರಟೆ.

ಕಬ್ಬು ನುರಿಸುವ ಹಂಗಾಮು. ದಾರಿಯಲ್ಲಿ ಸಕ್ಕರೆ ಕಾರ್ಖಾನೆಯೊಂದರ ಮುಂದೆ ಪಾಳಿ ಹಚ್ಚಿದ ಟ್ರ್ಯಾಕ್ಟರುಗಳ ಸಾಲು. ಎದುರಿಗೆ ಬಸ್ಸು ಬಂತೆಂದು ಸೌಜನ್ಯಕ್ಕಾಗಿ ಎಡಕ್ಕೆ ಸರಿದು ಒಂದು ಟ್ರೇಲರಿನ ಬೆನ್ನಿಗೆ ನಿಂತೆ. ಬಸ್ಸು ಹೋಯಿತು. ಅಷ್ಟರಲ್ಲಿ ನನ್ನ ಬೆನ್ನಿಗೊಂದು ಟ್ರ್ಯಾಕ್ಟರು ಬಂದು ನಿಂತಿತ್ತು. ಮುಂದೆ ಕಬ್ಬು, ಹಿಂದೆ ಟ್ರ್ಯಾಕ್ಟರು, ಎಡಕ್ಕೆ ಚರಂಡಿ. ಬಲಕ್ಕೆ ಹೊರಳಲು ಒಂದು ಗೇಣು ಹಿಂದೆ ಹೋದರೆ ಸಾಕಿತ್ತು. ಒಂದೇ ಗೇಣು!

ಹಿಂದಿನ ಟ್ರ್ಯಾಕ್ಟರಿನ ಚಾಲಕ ಪರಶುರಾಮ ಮೇಲಿನಿಂದ ಬಗ್ಗಿ ನೋಡಿದ. “ಅಯ್ಯ! ಒಳಗ ಮನಿಶ್ಯಾ ಅದಾನಲೇ! ಮಾಮಾ, ಹಿಂದಕ್ ತಗೊಂಡು ಹೊರಬೀಳ್ರಿ.”

“ಹಿಂದಕ್ ಹೋಗೂದಿಲ್ಲಪಾ.”

“ಕೆಟ್ಟೈತೇನ್ರಿ?”

“ಇಲ್ಲ. ಮಾಡೇ ಇಲ್ಲ.”

ಅವನು ಸಾಲಿನುದ್ದಕ್ಕೂ ಕೇಳುವಂತೆ ಕೂಗಿದ: “ಬರ್ರೋ ಲೇ! ಬರೇ ಮುಂದ ಹೋಗೂ ಗಾಡಿ ಬಂದೈತಿ!”

ಬಂದರು. ಒಬ್ಬ ಬಾಗಿಲು ತೆಗೆದ, ಇನ್ನೊಬ್ಬ ಹಾರ್ನ್ ಬಾರಿಸಿದ. ಎಲ್ಲರೂ ಸರದಿಯಂತೆ ಪಕ್ಕದ ಸೀಟಿನಲ್ಲಿ ಕುಳಿತು ಫೋಟೊ ತೆಗೆಸಿಕೊಂಡು, ನನ್ನಿಂದ ಪುಣೆಯ ಸಾಹೇಬರ ಕಥೆಯನ್ನೂ ಕೇಳಿದರು. ಸಾಲು ಆಮೆಯಂತೆ ಸರಿದು ಕಾರ್ಖಾನೆಯ ಗೇಟಿನೊಳಗೆ ಹೊಕ್ಕಿತು. ನಾನೂ ಹೊಕ್ಕೆ. ಹೊಗದೆ ಗತಿಯಿರಲಿಲ್ಲ.

ಮಧ್ಯಾಹ್ನ ಪರಶುರಾಮನೇ ಪರಿಹಾರ ತಂದ. “ಮಾಮಾ, ಹತ್ ಮಂದಿ ಅದೀವಿ. ಎತ್ತಿ ಹೊರಗ ಇಟ್ಟ ಬಿಡ್ತೀವಿ. ನಿಮ್ಮ ಪುಣೆ ಸಾಹೇಬ್ರು ಕಾಯಾಕತ್ತಾರಲ್ಲ?”

“ಬ್ಯಾಡಪಾ. ಫೈಬರ್ ಬಾಡಿ ಐತಿ. ಎತ್ತಿದ್ರ ಸೀಳತೈತಿ.”

ಇದು ಸುಳ್ಳು. ಬಾಡಿ ಅಪ್ಪಟ ತಗಡಿನದು. ಮೂವತ್ತು ವರ್ಷದಲ್ಲಿ ಒಂದೂ ಸುಳ್ಳು ಸುದ್ದಿ ಕೊಡದ ನಾನು ನಡು ಮಧ್ಯಾಹ್ನ ಹತ್ತು ಸಾಕ್ಷಿಗಳ ಎದುರು ಸುಳ್ಳು ಹೇಳಿದೆ. ಕಾರಣ, ಪರಶುರಾಮ ಆಗಷ್ಟೇ ಬುತ್ತಿ ಬಿಚ್ಚಿದ್ದ. ನನ್ನ ಬಾನೆಟ್ಟಿನ ಮೇಲೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಸುತ್ತ ಹತ್ತು ಜನ. ನನ್ನ ಮನೆಯ ತಟ್ಟೆ ಹತ್ತು ಜನರನ್ನು ಒಟ್ಟಿಗೆ ನೋಡಿಲ್ಲ. ಎರಡು ಜನರನ್ನೂ ನೋಡಿಲ್ಲ.

ನಾಲ್ಕು ಗಂಟೆಗೆ ನನ್ನ ಪಾಳಿ ಬಂತು. ಕಾರು ತೂಕದ ಕಾಟಾ ಏರಿತು. ಕಿಟಕಿಯಲ್ಲಿದ್ದ ಗುಮಾಸ್ತರು ತಲೆ ಎತ್ತದೆ ಕೇಳಿದರು: “ಊರು?”

“ಚಿಕ್ಕೋಡಿ.”

“ಕಬ್ಬು ಯಾವ ಜಾತಿದು?”

“ಕಬ್ಬಿಲ್ಲ.”

ಆಗ ತಲೆ ಎತ್ತಿದರು. ಬಹಳ ಹೊತ್ತು ನೋಡಿದರು. ಆದರೆ ಕಾಟಾ ಏರಿದ ಗಾಡಿಗೆ ಚೀಟಿ ಕೊಡಲೇಬೇಕೆಂಬುದು ನಿಯಮ. ಕೊಟ್ಟರು. ‘ಗಾಡಿಯ ತೂಕ: 640 ಕೆಜಿ. ಕಬ್ಬು: ಇಲ್ಲ.’

ಕಾಟಾ ಇಳಿಯುವಷ್ಟರಲ್ಲಿ ಎದುರಿಗೆ ಪುಣೆಯ ಸಾಹೇಬರು! ನಿಪ್ಪಾಣಿಯಲ್ಲಿ ಕಾದು ಬೇಸತ್ತು ಲಾರಿ ಸಮೇತ ಹುಡುಕಿಕೊಂಡು ಬಂದಿದ್ದರು. ನಾನು ಒಂದೊಂದೇ ದೋಷವನ್ನು ವಿವರಿಸಿದೆ. ರಿವರ್ಸ್ ಇಲ್ಲ. ಮಳೆ ಬಂದರೆ ಒಳಗೇ ಬರುತ್ತದೆ. ಸಾಹೇಬರ ಕಣ್ಣು ನನ್ನ ಕೈಯ ಚೀಟಿಯ ಮೇಲಿತ್ತು. ಈ ಕಾರಿನ ತೂಕ ಯಾವ ಕಾಗದದಲ್ಲೂ ಇರಲಿಲ್ಲವಂತೆ. ಈಗ ಮುದ್ರೆ ಸಮೇತ ದಾಖಲೆ! “ಕಾಯ್ ಸಾಂಗತಾ!” ಏನು ಹೇಳ್ತೀರಿ ಎಂದು ಮರಾಠಿಯಲ್ಲಿ ಉದ್ಗರಿಸಿ ನನ್ನ ಕೈ ಹಿಡಿದು ಕುಲುಕಿದರು. ಮಾರಬಾರದೆಂದು ಹೊರಟ ಕಾರನ್ನು ನಾನೇ ತೂಕ ಮಾಡಿಸಿ ಮಾರಿದ್ದೆ!

ಹತ್ತು ಜನ ಸೇರಿ ಅದನ್ನು ಎತ್ತಿ ಲಾರಿಗೆ ಏರಿಸಿದರು. ಎಲ್ಲಿಯೂ ಸೀಳಲಿಲ್ಲ. ಪರಶುರಾಮ ನನ್ನನ್ನು ಒಮ್ಮೆ ನೋಡಿದ.

ಮನೆಗೆ ಬಸ್ಸಿನಲ್ಲಿ ಬಂದೆ. ಮರುದಿನ ಫೋನು ರಿಂಗಣಿಸಲಿಲ್ಲ. ಅದರ ಮರುದಿನವೂ.

ಮೂರನೆಯ ದಿನ ಬೆಳಿಗ್ಗೆ ಥರ್ಮಾಸಿನಲ್ಲಿ ಚಹಾ ತುಂಬಿಕೊಂಡು ಅದೇ ಕಾರ್ಖಾನೆಯ ಗೇಟಿನಲ್ಲಿ ಬಸ್ಸಿಳಿದೆ. ಕಾವಲುಗಾರ ಅಡ್ಡ ಬಂದ.

“ಕಬ್ಬು ಎಲ್ಲೈತ್ರಿ?”

“ಇಲ್ಲ.”

“ಟ್ರ್ಯಾಕ್ಟರ್?”

“ಇಲ್ಲ.”

“ಮತ್ಯಾಕ ಬಂದೀರಿ?”

ಮಂತ್ರಿಗಳಿಂದ ಹಿಡಿದು ಕಳ್ಳರವರೆಗೆ ಎಲ್ಲರಿಗೂ ನಾನೇ ಕೇಳುತ್ತಿದ್ದ ಪ್ರಶ್ನೆ ಇದು. ಉತ್ತರ ಒಂದೇ ವಾಕ್ಯದಲ್ಲಿರಬೇಕೆಂದೂ ಹೇಳುತ್ತಿದ್ದೆ.

“ಪಾಳಿ ಹಚ್ಚಾಕ ಬಂದೀನಪಾ,” ಎಂದೆ.

ಅವನು ನನ್ನನ್ನೂ ಥರ್ಮಾಸನ್ನೂ ನೋಡಿ, ಕೋಲಿನಿಂದ ರಸ್ತೆಯ ತುದಿ ತೋರಿಸಿದ. “ಹಂಗಾದ್ರ ಹಿಂದ ಹೋಗಿ ನಿಂದರ್ರಿ. ವಯಸ್ಸಾಗೇತಿ ಅಂತ ನಡುವ ತೂರಬ್ಯಾಡ್ರಿ!”

ಹೋಗಿ ನಿಂತೆ.