ದಪ್ಪು ಬಿಡದ ಅಪ್ಪ

ಯಲವಿಗಿಯ ಗೋಣೆಪ್ಪನ ಗಂಟಲು ಬೆಳಗಾಗುವಷ್ಟರಲ್ಲಿ ಕಟ್ಟಿಕೊಂಡಿತ್ತು. ಹಿಂದಿನ ದಿನ ಬೀಗರ ಮನೆಯಲ್ಲಿ ತಿಂದ ಮಿರ್ಚಿ ಭಜಿಯೇ ಅದಕ್ಕೆ ಕಾರಣ. ಅವನ ಮಗ ಉಳಿವೆಪ್ಪನಿಗೆ ಮಾತ್ರ ಹೋಳಿಗೆ ತಿಂದಷ್ಟು ಸಂತೋಷವಾಯಿತು.

ಸಂತೋಷಪಡುವುದು ತಪ್ಪು, ನಿಜ. ಆದರೆ ಅವರ ಗೀಗೀ ಮೇಳದಲ್ಲಿ ದಪ್ಪು ಬಡಿಯುವವನೇ ಪದ ಹೇಳಬೇಕು; ಉಳಿದವರು ಹಿಂದೆ ನಿಂತು ‘ಗೀಯ ಗೀಯ’ ಎನ್ನಬೇಕು. ಉಳಿವೆಪ್ಪ ಮೀಸೆ ಚಿಗುರುವ ಮೊದಲಿನಿಂದ ಹಾಗೆ ಅನ್ನುತ್ತಲೇ ಇದ್ದ. ಈಗ ಕಿವಿಯ ಮೇಲೆ ಬಿಳಿ ಕೂದಲೂ ಬಂದಿತ್ತು. ಅಪ್ಪನೋ, ಮಲಗುವಾಗಲೂ ದಪ್ಪನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದ.

“ಇವತ್ತ ಸಂಜಿಗೆ ಸವಣೂರಾಗ ನಾನ ಮುಂದ ನಿಂತ ಹಾಡ್ತೇನಿ,” ಎಂದು ಉಳಿವೆಪ್ಪ ಸ್ಟೇಷನ್ ಎದುರಿನ ಖಾದರಸಾಬನ ಚಾದಂಗಡಿಯಲ್ಲಿ ಸಾರಿದ. “ಹಿರ್ಯಾರ ಮಾರಿಗೆ ಹೊಡದಂಗ ಪದಾ ಕಟ್ಟೇನಿ, ಕೇಳ್ರಿ.”

ಗಡ್ಡಾ ನೆರತ್ರೂ ಗಾದಿ ಬಿಡವಲ್ರು ನಮ್ಮ ಹಿರಿಯಾರು,
ಮೀಸಿ ಬಂದ್ರೂ ನಮ್ಮನ್ನ ಕೂಸಂತ ಕರದಾರು!

ಚಾದಂಗಡಿ ಭೋರೆಂದಿತು. ಪ್ರತಿಯೊಬ್ಬನಿಗೂ ಒಬ್ಬ ಅಪ್ಪ ಇದ್ದನಲ್ಲ!

“ಕೀಲಿಕೈ ಉಡದಾರಕ್ಕ ಕಟ್ಗೊಂಡಾರು ಅಂತೊಂದ ಸೇರಸೊ,” ಎಂದ ತುಂತುಣಿ ಬಾರಿಸುವ ಗೆಳೆಯ ದಿಲಾವರ.

“ನಮ್ಮ ಅಬ್ಬಾ ಇನ್ನೂ ನನ್ನ ಚಾಕ್ಕ ತಾನ ಸಕ್ರಿ ಅಳದ ಹಾಕ್ತಾನ. ಅದನ್ನೂ ಹಾಕ!” ಎಂದು ಖಾದರಸಾಬ ಒಲೆಯ ಮುಂದಿನಿಂದ ಕೂಗಿದ.

ಮಧ್ಯಾಹ್ನದ ಹೊತ್ತಿಗೆ ಪದ ಉಗಿಬಂಡಿಯಷ್ಟು ಉದ್ದವಾಯಿತು. ಊರಿಗೆಲ್ಲ ಬಾಯಿಪಾಠವೂ ಆಯಿತು.

ಕೇಳದೆ ಉಳಿದವನು ಅಪ್ಪನೊಬ್ಬನೇ ಎಂದು ಉಳಿವೆಪ್ಪ ನಂಬಿದ್ದ. ಆದರೆ ಗೋಣೆಪ್ಪನನ್ನು ಮಾತಾಡಿಸಲು ಹೋದ ಖಾದರಸಾಬ ಬಾಯಿ ತಡೆಯಲಾರದೆ ಪೂರಾ ಹಾಡಿ ಬಂದಿದ್ದ. ಹೋದವನು ಗಂಟಲಿಗೆಂದು ಶುಂಠಿ ಕಷಾಯವನ್ನೂ ಕುಡಿಸಿ ಬಂದಿದ್ದ, ಪುಣ್ಯಾತ್ಮ!

ಸಂಜೆ ಸವಣೂರಿನಲ್ಲಿ ಗ್ಯಾಸಬತ್ತಿ ಹೊತ್ತಿಸಿದ್ದರು. ಜನ ಕಿಕ್ಕಿರಿದಿದ್ದರು. ಉಳಿವೆಪ್ಪ ದಪ್ಪು ಎತ್ತುವುದಕ್ಕೂ ಅಪ್ಪ ಗುಂಪನ್ನು ಸರಿಸಿಕೊಂಡು ಬರುವುದಕ್ಕೂ ಸರಿಹೋಯಿತು.

“ಕೊಡ ಇಲ್ಲೆ.”

ಉಳಿವೆಪ್ಪ ದಪ್ಪು ಬಿಡಲಿಲ್ಲ. “ಕೊಡಂಗಿಲ್ಲಪ್ಪ. ಹೊಡೀತಿದ್ರ ಹೊಡಿ. ಆ ಪದಾ ನಿನ್ನ ಮ್ಯಾಲೇ ಕಟ್ಟೇನಿ.”

“ನನ್ನ ಮ್ಯಾಲ?” ಗೋಣೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಹುಚ್ಚ! ಇನ್ನೂ ಕೂಸ ಅದಿ, ನಿನಗೇನ ಗೊತ್ತಲೇ? ಹಿರ್ಯಾರ ಕಾಟಾ ಅಂದ್ರ ನಮ್ಮಪ್ಪಂದು! ಅಂವ ಸಾಯೂತನಕ ನಾ ಹಿಂದ ನಿಂತ ಗೀಯ ಗೀಯ ಅಂದೇನಿ. ನನ್ನ ಹೊಟ್ಟ್ಯಾಗಿಂದು ನೀ ಕಟ್ಟೀದಿ, ಖರೆ. ಆದ್ರ ಆ ಸಿಟ್ಟ ನಿನ್ನ ಬಾಯಾಗ ಬರಂಗಿಲ್ಲ. ಕೊಡ!”

ಅಂದವನೇ ದಪ್ಪು ಕಸಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಹಾಡಿದ. ಜನ ಹುಚ್ಚೆದ್ದು ಕುಣಿದರು. ದಿಲಾವರ ನಾಚಿಕೆಯಿಲ್ಲದೆ ತುಂತುಣಿ ಮೀಟಿದ.

‘ಗಾದಿ ಬಿಡವಲ್ರು’ ಎಂಬಲ್ಲಿಗೆ ಬಂದಾಗ ಗೋಣೆಪ್ಪ ತಟ್ಟನೆ ನಿಂತು, ಹಿಂದಕ್ಕೆ ತಿರುಗಿ ಗದರಿದ: “ಲೇ ಕೂಸ, ಬಾಯಿ ಬಿಡೊ!”

ಉಳಿವೆಪ್ಪ ಬಾಯಿ ಬಿಟ್ಟ.

“ಗೀಯ ಗೀಯ.”