ಎಂಟು ಕಾಲಿನ ರಾಕ್ಷಸ ಮತ್ತು ನನ್ನ ಹೆಸರು

ಆ ಮಾತನ್ನು ನಾನೇ ಹುಟ್ಟಿಸಿದೆನೆಂದು ಈಗ ಪ್ರಮಾಣ ಮಾಡಿ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದವನು ನಾನು; ಯಾರು ಏನು ಹೇಳಿದರೂ ಸಾಕ್ಷಿ ಕೇಳುವುದು ನನ್ನ ಚಾಳಿ. ನನ್ನ ನೆನಪನ್ನು ಮಾತ್ರ ಇಷ್ಟು ವರ್ಷ ಸಾಕ್ಷಿ ಕೇಳಿರಲಿಲ್ಲ.

ಹಿರಿಯೂರಿನ ನಮ್ಮ ಬೀದಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ಶಬಾನಾಗೆ ಒಂದು ಆನ್‌ಲೈನ್ ಆಟದ ಹುಚ್ಚು. ಕೋಟೆ ಕಾಯುವ ಆಟ. ಅಂಥದೇ ಹುಚ್ಚಿನವರು ಹೊಸದುರ್ಗ, ಹೊಳಲ್ಕೆರೆಗಳಲ್ಲೂ ಇದ್ದಾರೆ. ಎಲ್ಲರೂ ಸೇರಿ ಆಟದ ದೃಶ್ಯಗಳನ್ನು ಕತ್ತರಿಸಿ ಜೋಡಿಸಿ, ನಮ್ಮ ಕಡೆಯ ಮಾತು ಕೂಡಿಸಿ ವಿಡಿಯೊ ಮಾಡುತ್ತಾರೆ. ಅಂಗಡಿಯಲ್ಲಿ ಮಿಷನ್ ಸದ್ದೆಂದು ಧ್ವನಿಮುದ್ರಣ ನಮ್ಮ ನಡುಮನೆಯಲ್ಲಿ. ಕೋಟೆ ಬಾಗಿಲು ಕಾಯುವವನ ಕಂಠ ನನ್ನದು. ಎಂಟು ಕಾಲಿನ ರಾಕ್ಷಸ ನುಗ್ಗುವಾಗ ಅವನು ಗದರಬೇಕಿತ್ತು. ಬದಲಿಗೆ, "ಎಂಟೂ ಕಾಲು ತೊಳ್ಕಂಡು ಒಳಗೆ ಬರ್ರಿ" ಎಂದ. ಬರೆದುಕೊಟ್ಟದ್ದರಲ್ಲಿ ಈ ಮಾತಿರಲಿಲ್ಲ. ಗುಂಪಿನವರೆಲ್ಲ ಕೇಳಿ ಬಿದ್ದು ಬಿದ್ದು ನಕ್ಕರಂತೆ.

ಈ ಗುಂಪಿನಲ್ಲಿ ಯಾರಿಗೂ ಸಂಬಳವಿಲ್ಲ; ಕೊನೆಯಲ್ಲಿ ಓಡುವ ಹೆಸರುಗಳೇ ಎಲ್ಲ. 'ಕಂಠ' ಎಂಬಲ್ಲಿ ನನ್ನ ಹೆಸರಿತ್ತು. ಭಾನುವಾರ ವಿಡಿಯೊ ಹೊರಬೀಳುವುದರೊಳಗೆ 'ಕಾಲು ತೊಳೆಯುವ ಮಾತು' ಎಂಬಲ್ಲೂ ಬರಲೇಬೇಕೆಂದು ಹಟ ಹಿಡಿದೆ. ಇಪ್ಪತ್ತು ವರ್ಷ ಪಾಠ ಹೇಳಿದರೂ ನನ್ನ ಹಾಸ್ಯಕ್ಕೆ ಒಬ್ಬನೂ ನಕ್ಕಿರಲಿಲ್ಲ. ಬಿಡುವುದುಂಟೆ?

ಮೂರು ದಿನ ಅಂಗಡಿಗೆ ಎಡತಾಕಿದೆ. ಆ ಗಳಿಗೆಯಲ್ಲಿ ತಾನು ಚಾರ್ಜರ್ ತರಲು ಹೋಗಿದ್ದೆನೆಂದು ಶಬಾನಾ ಜಾರಿಕೊಂಡಳು. ನನ್ನ ನೆನಪೇ ಸಾಕ್ಷಿ ಎಂದೆ. ಹೆಂಡತಿ ಸರೋಜ ಈ ವಿಷಯ ಬಂದಾಗಲೆಲ್ಲ ಮುದ್ದೆ ತಿರುವುತ್ತಾ ಸುಮ್ಮನಿದ್ದಳು. ಅದನ್ನು ಬೆಂಬಲವೆಂದೇ ತಿಳಿದೆ.

ಶನಿವಾರ ಶಬಾನಾ ಕಾಜಾ ಹೊಲಿಯುತ್ತಾ ತಲೆ ಎತ್ತದೆ ಹೇಳಿದಳು: "ಯಾರ ಮಾತೋ ಅವರ ಹೆಸರು, ಇದೊಂದೇ ನಮ್ ಕಾನೂನು ಸರ್. ಊರೋರ್ನೆಲ್ಲ ಸಾಕ್ಷಿ ಕೇಳ್ತೀರಿ. ಕತ್ತರಿಸದ ರೆಕಾರ್ಡು ನನ್ತಾವ ಐತೆ. ಕುಂತ್ಕಳ್ರಿ, ಕೇಳಾಣ."

ಕುಳಿತೆ. ಮೊದಲು ನಾನು ಕೆಮ್ಮುವುದು ಕೇಳಿಸಿತು; ಮಾತು ಮರೆತಾಗ ಹಾಗೆ ಕೆಮ್ಮುತ್ತೇನೆ. ಆಮೇಲೆ ಅಡುಗೆಮನೆ ಬಾಗಿಲಿನಿಂದ ಸರೋಜಳ ದನಿ: "ಅದ್ಯಾವುದ್ರೀ ಪ್ರಾಣಿ? ಈಗ ನೆಲ ಒರೆಸೀನಿ, ಎಂಟೂ ಕಾಲು ತೊಳ್ಕಂಡು ಒಳಗೆ ಬರಾಕೆ ಹೇಳ್ರಿ."

ಅದರ ಹಿಂದೆಯೇ ನನ್ನದು: "ಮಧ್ಯೆ ಬಾಯಿ ಹಾಕಬೇಡ ಮಾರಾಯ್ತಿ." ನಂತರ ಅದೇ ಮಾತು, ನನ್ನ ಗಡಸು ಕಂಠದಲ್ಲಿ.

ಭಾನುವಾರ ಸರೋಜಳ ಹೆಸರು ದಪ್ಪಕ್ಷರದಲ್ಲಿ ಓಡಿತು. ನನಗೂ ಕಾನೂನಿನ ಪ್ರಕಾರ 'ಕೆಮ್ಮು' ಎಂಬ ಇನ್ನೊಂದು ಸಾಲು ಸಿಕ್ಕಿದೆ. ಕೆಮ್ಮು ನನ್ನದೇ. ಮೂರು ಸಲ ಕೇಳಿ ಖಚಿತಪಡಿಸಿಕೊಂಡಿದ್ದೇನೆ.